ಧರ್ಮ ವರದಿಗಾರಿಕೆ (ಕರ್ನಾಟಕ)

ಧಾರ್ಮಿಕ ನಂಬಿಕೆ, ಆಚರಣೆ ಮತ್ತು ಸಂಸ್ಥೆಗಳನ್ನೂ ಅವುಗಳ ಸುತ್ತ ಏಳುವ ಸಾಮಾಜಿಕ ಪ್ರಶ್ನೆಗಳನ್ನೂ ಸುದ್ದಿಯಾಗಿ ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸುವ ಪತ್ರಿಕಾವೃತ್ತಿಯ ಶಾಖೆಯನ್ನು ಧರ್ಮ ವರದಿಗಾರಿಕೆ ಎನ್ನಬಹುದು. ಜಾತ್ರೆ, ಉರುಸು, ಚರ್ಚಿನ ಸಾಂತ್‌ಮಾರಿಗಳ ದಿನಚರಿಯ ಜೊತೆಗೆ ದೇವಾಲಯ ಪ್ರವೇಶ, ಅನಿಷ್ಟ ಪದ್ಧತಿಗಳ ನಿಷೇಧ, ಕೋಮು ಗಲಭೆ, ಮತಾಂತರ, ಉಡುಪಿನ ವಿವಾದ, ಮಠ-ಮಂದಿರಗಳ ಆಡಳಿತ ಇವೆಲ್ಲ ಇದರ ವ್ಯಾಪ್ತಿಗೆ ಸೇರುತ್ತವೆ. ರಾಜಕೀಯ, ಅಪರಾಧ, ಕ್ರೀಡೆಗಳಿಗೆ ಇರುವಂತೆ ಧರ್ಮಕ್ಕೆಂದೇ ಮೀಸಲಾದ ವರದಿಗಾರ ಕನ್ನಡದ ಪತ್ರಿಕಾ ಕಚೇರಿಗಳಲ್ಲಿ ಅಪರೂಪ. ಒಂದೇ ದೇವಸ್ಥಾನದ ಸುದ್ದಿ ಹಬ್ಬದ ದಿನ ಪುರವಣಿಯಲ್ಲೂ ಹೊಡೆದಾಟವಾದ ದಿನ ಅಪರಾಧದ ಪುಟದಲ್ಲೂ ತೀರ್ಪು ಬಂದ ದಿನ ಮುಖಪುಟದಲ್ಲೂ ಬರುವುದು ಈ ಕಾರಣದಿಂದ.

ಪರಿಭಾಷೆ

ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಪದಗಳಿಗೆ ಖಚಿತ ಅರ್ಥ ಕೊಟ್ಟುಕೊಳ್ಳದೆ ಮುಂದೆ ಹೋಗುವಂತಿಲ್ಲ. ಧರ್ಮ ಎಂಬುದಕ್ಕೆ ಕನ್ನಡದಲ್ಲಿ ನಡತೆ, ಕರ್ತವ್ಯ, ದಾನ ಎಂಬ ಅರ್ಥಗಳೂ ಇವೆ. ಮತ ಎಂದರೆ ನಂಬಿಕೆಯ ಪಂಥವೂ ಹೌದು, ಅಭಿಪ್ರಾಯವೂ ಹೌದು, ಚುನಾವಣೆಯಲ್ಲಿ ಹಾಕುವ ಓಟೂ ಹೌದು. ಕೋಮು ಎಂಬುದು ಅರಬ್ಬಿ ಮೂಲದಿಂದ ಹಿಂದುಸ್ತಾನಿಯ ಮೂಲಕ ಬಂದ ಪದ. ಮೂಲದಲ್ಲಿ ಜನಸಮುದಾಯ ಎಂದಷ್ಟೇ ಅರ್ಥವಿದ್ದ ಅದು ಪತ್ರಿಕೆಗಳ ಬಳಕೆಯಲ್ಲಿ ಗಲಭೆ, ದ್ವೇಷ, ಸೌಹಾರ್ದ ಎಂಬ ಪದಗಳಿಗೆ ಅಂಟಿಕೊಂಡು ಉಳಿದಿದೆ.

ರಾಜ್ಯ ಮತ್ತು ಧರ್ಮಗಳ ಸಂಬಂಧವನ್ನು ಹೇಳುವ ಪದವಂತೂ ಒಂದಲ್ಲ, ಮೂರು. ಸಂವಿಧಾನದ ಪೀಠಿಕೆಯ ಕನ್ನಡ ಪಾಠದಲ್ಲಿ ಸರ್ವಧರ್ಮ ಸಮಭಾವ ಎಂದಿದೆ. ವಿದ್ವತ್ ಬರಹಗಳಲ್ಲಿ ಧರ್ಮನಿರಪೇಕ್ಷ ಎನ್ನುತ್ತಾರೆ. ಪತ್ರಿಕೆಗಳಲ್ಲೂ ರಾಜಕೀಯ ಪಕ್ಷದ ಹೆಸರಿನಲ್ಲೂ ನೆಲೆಯೂರಿದ್ದು ಜಾತ್ಯತೀತ. ಮೊದಲನೆಯದು ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣುವುದು, ಎರಡನೆಯದು ಯಾವುದನ್ನೂ ಹಚ್ಚಿಕೊಳ್ಳದಿರುವುದು, ಮೂರನೆಯದು ಜಾತಿಯನ್ನು ಮೀರುವುದು. ಮೂರನೆಯ ಪದವೇ ಜನರ ಬಾಯಲ್ಲಿ ನಿಂತಿರುವುದು ಅರ್ಥಪೂರ್ಣ: ಕರ್ನಾಟಕದಲ್ಲಿ ಧರ್ಮದ ಸುದ್ದಿ ಬಹುಪಾಲು ಜಾತಿಯ ಸುದ್ದಿಯೂ ಆಗಿರುತ್ತದೆ.

ಸ್ಥಳದ ಹೆಸರೇ ವಿವಾದದ ಭಾಗವಾಗುವುದುಂಟು. ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗುಹೆಯ ಹೆಸರು ಸರ್ಕಾರಿ ದಾಖಲೆಯಲ್ಲಿ ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಸುದ್ದಿಯಲ್ಲಿ ಅದನ್ನು ದತ್ತಪೀಠ ಎಂದು ಮಾತ್ರ ಬರೆದರೆ ಒಂದು ಪಕ್ಷ, ದರ್ಗಾ ಎಂದು ಮಾತ್ರ ಬರೆದರೆ ಇನ್ನೊಂದು ಪಕ್ಷ. ಪೂರ್ತಿ ಹೆಸರಿಗೆ ತಲೆಬರಹದಲ್ಲಿ ಜಾಗ ಸಾಲದು ಎಂಬುದು ಉಪಸಂಪಾದಕನಿಗೆ ನೆವವಾಗಬಾರದು.

ಉಗಮ

ಕನ್ನಡ ಪತ್ರಿಕೆ ಹುಟ್ಟಿದ್ದೇ ಧಾರ್ಮಿಕ ಸಂಸ್ಥೆಯ ಅಂಗಳದಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಆ ಹಾಳೆಯಲ್ಲಿ ಊರ ಸುದ್ದಿ, ಸರ್ಕಾರಿ ಆದೇಶಗಳ ಜೊತೆಗೆ ಪುರಂದರದಾಸರ ಪದಗಳಿಗೂ ಸ್ಥಳವಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಕೆಲಕಾಲ ನಡೆದು ನಿಂತುಹೋಯಿತು. ಅದು ಹುಟ್ಟಿದ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಮುಂದೆ ಸಮುದಾಯಗಳು ತಮ್ಮ ತಮ್ಮ ಪತ್ರಿಕೆಗಳನ್ನು ಕಟ್ಟಿಕೊಂಡವು. ಮಂಗಳೂರಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ 1938ರಿಂದ ಕನ್ನಡ ಲಿಪಿಯಲ್ಲಿ ಬರುತ್ತಿದೆ. ಮುಸ್ಲಿಮರಿಗೆ ‘ಸನ್ಮಾರ್ಗ’ದಂಥ ಕನ್ನಡ ವಾರಪತ್ರಿಕೆ ಬಂತು, ಮಠಗಳೂ ಮಾಸಿಕಗಳನ್ನು ನಡೆಸುತ್ತಿವೆ. 1970ರ ದಶಕದ ದಲಿತ ಚಳವಳಿ, 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ‘ಲಂಕೇಶ್ ಪತ್ರಿಕೆ’, 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ ಹೊರಡಿಸಿದ ‘ಮುಂಗಾರು’ ಇವುಗಳಿಂದ ಮಠ-ಮಂದಿರಗಳನ್ನು ಪ್ರಶ್ನಿಸುವ ಬರವಣಿಗೆಗೆ ಬಲ ಬಂತು. ಅದುವರೆಗೆ ದೇವಸ್ಥಾನದ ಸುದ್ದಿಯೆಂದರೆ ಬಹುಮಟ್ಟಿಗೆ ತೇರಿನ ಸುದ್ದಿ.

ಸುದ್ದಿ ಬರುವ ದಾರಿ

ಧರ್ಮದ ಸುದ್ದಿಯ ಮೊದಲ ಕೈ ತಾಲ್ಲೂಕು ಮಟ್ಟದ ಅರೆಕಾಲಿಕ ಸುದ್ದಿಗಾರನದು. ಅವನು ಆ ಊರಿನವನೇ. ಅಂಗಡಿಯನ್ನೋ ಜಮೀನನ್ನೋ ನೋಡಿಕೊಂಡು ಸುದ್ದಿ ಕಳಿಸುತ್ತಾನೆ. ಜಾತ್ರೆಯ ವಿಶೇಷ ಪುಟಕ್ಕೆ ದೇವಸ್ಥಾನ ಸಮಿತಿಯಿಂದ, ವರ್ತಕರಿಂದ ಜಾಹೀರಾತು ತರುವ ಹೊಣೆಯೂ ಎಷ್ಟೋ ಕಡೆ ಅವನದೇ. ಆ ಸಮಿತಿ ದಲಿತರ ಕೇರಿಗೆ ತೇರು ತರುವುದಿಲ್ಲ ಎಂದು ಬರೆಯಬೇಕಾದವನೂ ಅವನೇ. ಬರೆದ ಮೇಲೂ ಅವನು ಅದೇ ಬೀದಿಯಲ್ಲಿ ಓಡಾಡಬೇಕು. ಧರ್ಮ ವರದಿಗಾರಿಕೆಯ ಮಿತಿಗಳನ್ನು ಚರ್ಚಿಸುವಾಗ ಬೆಂಗಳೂರಿನ ಸ್ಟುಡಿಯೊಗಳ ಮಾತು ಬರುವಷ್ಟು ಈ ಇಕ್ಕಟ್ಟಿನ ಮಾತು ಬರುವುದಿಲ್ಲ.

ಎರಡನೆಯ ಹಂತ ಜಿಲ್ಲಾ ಆವೃತ್ತಿಯ ಡೆಸ್ಕ್. ಗಲಭೆಯ ವರದಿಯಲ್ಲಿ ಸಮುದಾಯದ ಹೆಸರು ಹಾಕಬಾರದೆಂಬ ರೂಢಿ ಇಲ್ಲಿ ಬಹುಕಾಲದಿಂದ ಬಂದಿದೆ. ಹೆಸರು ಓದಿ ಮತ್ತೊಂದು ಊರಿನಲ್ಲಿ ಕಲ್ಲು ಬೀಳಬಾರದು ಎಂಬುದು ಅದರ ಉದ್ದೇಶ. ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂಬ ತಲೆಬರಹ ಈ ಎಚ್ಚರದ ಫಲ. ಕರಾವಳಿಯ ವರದಿಗಳಲ್ಲಿ ಇದರ ಇನ್ನೊಂದು ರೂಪವಿದೆ: ‘ಅನ್ಯಕೋಮಿನ ಯುವಕ’, ‘ಭಿನ್ನ ಕೋಮಿನ ಜೋಡಿ’. ಇಲ್ಲಿ ಹೆಸರು ಮರೆಯಾಗಿದ್ದರೂ ‘ಅನ್ಯ’ ಎಂಬ ಒಂದು ಪದ ಪತ್ರಿಕೆ ಯಾರ ಪರವಾಗಿ ಮಾತಾಡುತ್ತಿದೆ, ಓದುಗ ಯಾರೆಂದು ಎಣಿಸಿದೆ ಎಂಬುದನ್ನು ಹೇಳಿಬಿಡುತ್ತದೆ. ಒಂದೇ ಬಸ್ಸಿನಲ್ಲಿ ಕೂತು ಬಂದ ಇಬ್ಬರು ಸಹಪಾಠಿಗಳು ಮರುದಿನದ ಪತ್ರಿಕೆಯಲ್ಲಿ ಜೋಡಿಯಾಗುತ್ತಾರೆ, ಅವರಲ್ಲಿ ಒಬ್ಬನು ಅನ್ಯನಾಗುತ್ತಾನೆ. ಶಾಂತಿಗೆಂದು ಹುಟ್ಟಿದ ರೂಢಿ ಹೀಗೆ ತಿರುಗಿ ನಿಂತಿರುವುದು ಕನ್ನಡ ಪತ್ರಿಕಾಭಾಷೆಯ ಗಂಭೀರ ಲೋಪ.

ಮುಖ್ಯ ಪ್ರಕಾರಗಳು

ನಿತ್ಯ ಸುದ್ದಿಯಲ್ಲಿ ಪಂಚಾಂಗ, ಪ್ರವಚನ, ರಥೋತ್ಸವ, ಬ್ರಹ್ಮಕಲಶ, ಉರುಸು, ಉಡುಪಿಯ ಪರ್ಯಾಯ ಮುಂತಾದವು ಸೇರುತ್ತವೆ. ಅಳತೆಯಲ್ಲಿ ಇದೇ ಹೆಚ್ಚು. ವಿವಾದದ ಸುದ್ದಿ ಉಳಿದ ಪಾಲು. ಅದರಲ್ಲಿ ಆಚರಣೆಗಳ ಸುಧಾರಣೆ, ಪ್ರವೇಶದ ಹಕ್ಕು, ಸಮುದಾಯಗಳ ಸಂಘರ್ಷ ಮತ್ತು ನ್ಯಾಯಾಲಯದ ವ್ಯಾಜ್ಯ ಎಂದು ನಾಲ್ಕು ಬಗೆಗಳನ್ನು ಗುರುತಿಸಬಹುದು. ಇವುಗಳಲ್ಲಿ ಮೊದಲನೆಯದರ ಚರಿತ್ರೆಯೇ ಹೆಚ್ಚು ತುಂಬಿಕೊಂಡಿದೆ.

ಚಂದ್ರಗುತ್ತಿಯಿಂದ ಧಾರವಾಡದವರೆಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಗುಡ್ಡದ ಮೇಲೆ ರೇಣುಕಾಂಬೆಯ ಗುಡಿಯಿದೆ. ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಅಥವಾ ಬೇವಿನ ಸೊಪ್ಪು ಉಟ್ಟು ಗುಡಿಗೆ ಹೋಗುವುದು ಅಲ್ಲಿಯ ಪದ್ಧತಿಯಾಗಿತ್ತು. ಹರಕೆ ತೀರಿಸುತ್ತಿದ್ದವರಲ್ಲಿ ದಲಿತ ಮತ್ತು ಹಿಂದುಳಿದ ಜಾತಿಗಳ ಬಡ ಹೆಂಗಸರೇ ಹೆಚ್ಚು. ಬೆತ್ತಲೆ ಸೇವೆ ಎಂದು ಹೆಸರಾದ ಇದನ್ನು ನಿಲ್ಲಿಸಲು ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳು ಮುಂದಾದವು. 1986ರ ಮಾರ್ಚ್ 20ರಂದು ಉದ್ರಿಕ್ತ ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಥಳಿಸಿತು. ಮಹಿಳಾ ಪೊಲೀಸರೂ ಸೇರಿದಂತೆ ಹಲವರನ್ನು ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತು. ಸುದ್ದಿ ದೇಶದ ಪತ್ರಿಕೆಗಳಿಗೆಲ್ಲ ಹಬ್ಬಿತು. ಸರ್ಕಾರ ನ್ಯಾಯಮೂರ್ತಿ ಪಂಚಪ್ಪ ಅವರ ಆಯೋಗ ನೇಮಿಸಿತು, ಬೆತ್ತಲೆ ಸೇವೆಗೆ ನಿಷೇಧ ಬಂತು.

ಆ ದಿನಗಳ ಚರ್ಚೆಯಲ್ಲಿ ಚಳವಳಿಗಾರರು, ಅಧಿಕಾರಿಗಳು, ಸಾಹಿತಿಗಳು ಮಾತಾಡಿದರು. ಯಾವ ಕಾಯಿಲೆ, ಯಾವ ಭಯ, ಯಾವ ಹರಕೆ ತಮ್ಮನ್ನು ಅಲ್ಲಿಗೆ ತಂದಿತೆಂದು ಆ ಹೆಂಗಸರೇ ಹೇಳಿದ್ದು ಅಚ್ಚಾದದ್ದು ಕಡಿಮೆ. ಈ ಕೊರತೆ ಮುಂದಿನ ಪ್ರತಿಯೊಂದು ವಿವಾದದಲ್ಲೂ ಮರುಕಳಿಸಿದೆ.

ಚಂದ್ರಗುತ್ತಿಯ ಹಿನ್ನೆಲೆಯಲ್ಲಿ ಯು.ಆರ್. ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧ ಬರೆದರು. ದೇವರ ಕಲ್ಲಿನ ಬಗೆಗಿನ ಭಯವನ್ನು ಬಾಲ್ಯದಲ್ಲಿ ಪರೀಕ್ಷಿಸಿ ನೋಡಿದ ಪ್ರಸಂಗ ಅದರಲ್ಲಿದೆ. 2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆ ವಿರೋಧಿ ಮಸೂದೆಯ ಕುರಿತು ನಡೆದ ಚರ್ಚೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಆ ಪ್ರಸಂಗವನ್ನು ಉಲ್ಲೇಖಿಸಿದರು. ಸುದ್ದಿಯಲ್ಲಿ ಮೂಲದ ಹೆಸರು ಹಿಂದೆ ಸರಿಯಿತು. ಮಾತಿನ ಒಂದು ತುಣುಕು ಕಲಬುರ್ಗಿಯವರದೇ ಪ್ರತಿಪಾದನೆ ಎಂಬಂತೆ ವಾಹಿನಿಗಳಲ್ಲಿ ಮತ್ತೆ ಮತ್ತೆ ಓಡಿತು. ಪ್ರತಿಭಟನೆಗಳು ನಡೆದವು, ದೂರುಗಳು ದಾಖಲಾದವು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ವಿಶೇಷ ತನಿಖಾ ತಂಡ 2019ರಲ್ಲಿ ಸಲ್ಲಿಸಿದ ಆರೋಪಪಟ್ಟಿ ಆ ಭಾಷಣವನ್ನೇ ಕೊಲೆಯ ಪ್ರೇರಣೆಯಾಗಿ ಕಾಣಿಸಿದೆ. ವಚನಗಳ ಪಾಠ ಸಂಪಾದನೆಗೆ, ಶಾಸನಗಳ ಅಧ್ಯಯನಕ್ಕೆ ಬದುಕು ತೆತ್ತ ವಿದ್ವಾಂಸನನ್ನು ನಾಡಿನ ಬಹುಜನ ಮೊದಲು ಅರಿತದ್ದು ಕೆಲವು ಸೆಕೆಂಡುಗಳ ಆ ತುಣುಕಿನಿಂದ. ಇದೇ ಪ್ರಕರಣದ ಆರೋಪಿಗಳಲ್ಲಿ ಹಲವರ ಮೇಲೆ ಆರೋಪವಿರುವ ಪತ್ರಕರ್ತೆ ಗೌರಿ ಲಂಕೇಶರ ಕೊಲೆ 2017ರ ಸೆಪ್ಟೆಂಬರ್ 5ರಂದು ನಡೆಯಿತು.

ಮಡೆಸ್ನಾನ

ತುಳುನಾಡಿನಲ್ಲಿ ಉಂಡು ಬಿಟ್ಟ ಎಂಜಲೆಲೆಯನ್ನು ಮಡೆ ಎನ್ನುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಾರ್ಗಶಿರ ಮಾಸದ ಚೌತಿ, ಪಂಚಮಿ, ಷಷ್ಠಿಯಂದು ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಹರಕೆಯಾಗಿ ಉರುಳುವುದು ಮಡೆಸ್ನಾನ. ಚರ್ಮರೋಗ, ನಾಗದೋಷ ಪರಿಹಾರವಾಗುತ್ತದೆ ಎಂಬುದು ನಂಬಿಕೆ. 2010ರ ಆಸುಪಾಸಿನಲ್ಲಿ ಸುದ್ದಿವಾಹಿನಿಗಳ ಕ್ಯಾಮೆರಾ ಅಲ್ಲಿಗೆ ತಲುಪಿದ ಮೇಲೆ ಇದು ರಾಜ್ಯದ ಪ್ರಶ್ನೆಯಾಯಿತು. ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿ, ಹಿಂದುಳಿದ ವರ್ಗಗಳ ಮುಖಂಡರು, ಎಡಪಕ್ಷಗಳವರು ನಿಷೇಧಕ್ಕೆ ಒತ್ತಾಯಿಸಿದರು. 2011ರಲ್ಲಿ ವಿರೋಧಿಸಲು ಹೋದವರ ಮೇಲೆ ಕುಕ್ಕೆಯಲ್ಲೇ ಹಲ್ಲೆ ನಡೆಯಿತು.

ವಿವಾದ ಸರಳ ಎರಡು ಬಣಗಳದಾಗಿರಲಿಲ್ಲ. ಕುಕ್ಕೆಯ ಬ್ರಹ್ಮರಥವನ್ನು ಕಾಡಿನಿಂದ ತಂದ ಬೆತ್ತದಲ್ಲಿ ಕಟ್ಟುವ ಹಕ್ಕು ಮಲೆಕುಡಿಯ ಬುಡಕಟ್ಟಿನದು. ಅದೇ ಮಲೆಕುಡಿಯರು ನಿಷೇಧ ಬೇಡವೆಂದು, ನಿಷೇಧಿಸಿದರೆ ರಥ ಕಟ್ಟುವುದಿಲ್ಲವೆಂದು ಪಟ್ಟು ಹಿಡಿದರು. ಯಾರ ಘನತೆಗಾಗಿ ಹೋರಾಟ ನಡೆದಿತ್ತೋ ಅವರೇ ಎದುರು ನಿಂತಾಗ ಅದರ ಕಾರಣವನ್ನು ವಿಚಾರಿಸುವುದು ವರದಿಗಾರನ ಕೆಲಸವಾಗಿತ್ತು. ರಥದ ಹಕ್ಕಿಗೂ ಹರಕೆಗೂ ಇದ್ದ ನಂಟು, ದೇವಸ್ಥಾನದಲ್ಲಿ ಅವರಿಗಿದ್ದ ಒಂದೇ ಗೌರವದ ಸ್ಥಾನ ಇವುಗಳತ್ತ ಹೋದ ವರದಿಗಳಿಗಿಂತ ಎಲೆಗಳ ಮೇಲೆ ಉರುಳುವ ದೃಶ್ಯವೇ ಹೆಚ್ಚು ಪ್ರಸಾರವಾಯಿತು. ಹೈಕೋರ್ಟ್ 2012ರಲ್ಲಿ ಎಂಜಲೆಲೆಯ ಬದಲು ದೇವರ ನೈವೇದ್ಯ ಬಡಿಸಿದ ಎಲೆಯ ಮೇಲೆ ಉರುಳುವ ಎಡೆಸ್ನಾನವನ್ನು ಸೂಚಿಸಿತು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 2014ರ ಡಿಸೆಂಬರ್‌ನಲ್ಲಿ ಮಡೆಸ್ನಾನಕ್ಕೆ ತಡೆ ಬಂತು. ಉಡುಪಿ ಕೃಷ್ಣಮಠದಲ್ಲಿ ಪರ್ಯಾಯ ಪಲಿಮಾರು ಮಠಾಧೀಶರು 2018ರಲ್ಲಿ ಮಡೆಸ್ನಾನವನ್ನೂ ಎಡೆಸ್ನಾನವನ್ನೂ ಕೈಬಿಟ್ಟರು.

ಪ್ರವೇಶದ ಹಕ್ಕು

ದೇವಾಲಯ ಪ್ರವೇಶದ ಕಾನೂನು ಚರಿತ್ರೆಯಲ್ಲಿ ಕರಾವಳಿಗೆ ಎತ್ತರದ ಸ್ಥಾನವಿದೆ. ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದು ಎಂಬ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ರೂಪಿಸಿದ್ದು 1954ರಲ್ಲಿ, ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ. ಒಂದು ಪಂಗಡದ ದೇವಾಲಯವಾದರೂ ಸಾರ್ವಜನಿಕವಾದರೆ ಎಲ್ಲ ಹಿಂದೂಗಳ ಪ್ರವೇಶದ ಹಕ್ಕನ್ನು ನಿರಾಕರಿಸುವಂತಿಲ್ಲ ಎಂದು ಹೇಳಿದ್ದು 1957ರಲ್ಲಿ, ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ.

ತೀರ್ಪಿಗೂ ಊರಿಗೂ ನಡುವಿನ ದೂರ ಅಳಿದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬವೊಂದು ಮಗುವಿನ ಹುಟ್ಟುಹಬ್ಬಕ್ಕೆ ಹನುಮಂತನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿತ್ತು. ಮಳೆ ಬಂತು, ಮಗು ಒಳಗೆ ಓಡಿತು. ಗುಡಿಯ ಶುದ್ಧಿಗೆಂದು ಮೇಲ್ಜಾತಿಯವರು ಕುಟುಂಬಕ್ಕೆ ದಂಡ ಕೇಳಿದರು. ತಂದೆತಾಯಿ ದೂರು ಕೊಡಲು ಹಿಂಜರಿದಾಗ ಅಧಿಕಾರಿಗಳೇ ದೂರು ಕೊಟ್ಟರು, ಬಂಧನಗಳಾದವು. ಸ್ಥಳೀಯ ಸುದ್ದಿಗಾರರ ಕೈಯಿಂದ ಹೊರಬಂದ ಈ ಸುದ್ದಿಯಲ್ಲಿ ಘೋಷಣೆಯಿಲ್ಲ, ನಾಯಕರಿಲ್ಲ. ಮಳೆ ಮತ್ತು ಮಗು ಇವೆ. ಅಸ್ಪೃಶ್ಯತೆ ಇಂದಿಗೂ ಇದೆಯೇ ಎಂದು ಕೇಳುವವರಿಗೆ ಇಷ್ಟು ನೇರವಾದ ಉತ್ತರವನ್ನು ಸ್ಟುಡಿಯೊ ಚರ್ಚೆ ಕೊಟ್ಟಿಲ್ಲ.

ಸಂಘರ್ಷದ ವರದಿ

ಕೆಲವು ಸಲ ಮಾಧ್ಯಮವೇ ಸಂಘರ್ಷದ ಕಾರಣವಾಗಿದೆ. 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ದಿನಪತ್ರಿಕೆಯೊಂದರ ಭಾನುವಾರದ ಸಂಚಿಕೆಯಲ್ಲಿ ಮಲಯಾಳಂನಿಂದ ಅನುವಾದವಾದ ಕಥೆಯೊಂದು ಪ್ರವಾದಿಯ ನಿಂದನೆಯೆಂಬ ಆಕ್ಷೇಪಕ್ಕೆ ಗುರಿಯಾಗಿ ಬೆಂಗಳೂರು, ಮೈಸೂರುಗಳಲ್ಲಿ ಗಲಭೆ ಎದ್ದಿತು. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದಾಗ ಭಾಷೆಯ ಹೆಸರಿನಲ್ಲಿ ಎದ್ದ ವಿರೋಧ ಕೋಮು ಗಲಭೆಯಾಯಿತು. ಎರಡರಲ್ಲೂ ಜೀವಗಳು ಹೋದವು.

2012ರ ಜುಲೈನಲ್ಲಿ ಮಂಗಳೂರಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ನಡೆದ ದಾಳಿ ಬೇರೊಂದು ಪ್ರಶ್ನೆ ಎತ್ತಿತು. ದಾಳಿಯ ದೃಶ್ಯ ಇಲ್ಲದಿದ್ದರೆ ತಪ್ಪಿತಸ್ಥರು ಗುರುತಾಗುತ್ತಿರಲಿಲ್ಲ. ಅದನ್ನು ವರದಿ ಮಾಡಿದ ವಾಹಿನಿಯ ಪತ್ರಕರ್ತರನ್ನೇ ಪೊಲೀಸರು ಆರೋಪಿಯಾಗಿಸಿ ನವೆಂಬರ್‌ನಲ್ಲಿ ಬಂಧಿಸಿದರು. ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಅದೇ ದೃಶ್ಯಗಳಲ್ಲಿ ಯುವತಿಯರ ಮುಖ ಮರೆಸದೆ ಪ್ರಸಾರವಾದದ್ದೂ ನಿಜ. ಸಾಕ್ಷ್ಯವಾಗಬೇಕಾದ ಚಿತ್ರ ಸಂತ್ರಸ್ತರಿಗೆ ಎರಡನೆಯ ಏಟಾಗದಂತೆ ನೋಡಿಕೊಳ್ಳುವ ಪಾಠ ಅಲ್ಲಿದೆ.

ನಿಯಮಗಳು

ಧರ್ಮ, ಜನಾಂಗ, ಭಾಷೆಗಳ ಆಧಾರದಲ್ಲಿ ದ್ವೇಷ ಬಿತ್ತುವುದು ಹಾಗೂ ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಧಕ್ಕೆ ತರುವುದು ಭಾರತೀಯ ದಂಡ ಸಂಹಿತೆಯ 153ಎ, 295ಎ ಕಲಮುಗಳಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 196 ಮತ್ತು 299ನೆಯ ಕಲಮುಗಳಾಗಿವೆ. ಪತ್ರಿಕೆಗಳಿಗೆ ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳಿವೆ. ಮಂಡಳಿ ಛೀಮಾರಿ ಹಾಕಬಲ್ಲದು, ದಂಡಿಸಲಾರದು. ವಾಹಿನಿಗಳಿಗೆ 1995ರ ಕೇಬಲ್ ಟಿವಿ ಕಾಯ್ದೆಯ ಕಾರ್ಯಕ್ರಮ ಸಂಹಿತೆ ಮತ್ತು ವಾಹಿನಿಗಳೇ ರಚಿಸಿಕೊಂಡ ಸ್ವಯಂನಿಯಂತ್ರಣ ಪ್ರಾಧಿಕಾರವಿದೆ. 2020ರಲ್ಲಿ ಕೊರೊನಾ ಹರಡಿಕೆಗೆ ತಬ್ಲೀಗ್ ಜಮಾತ್ ಸಮಾವೇಶವನ್ನು ಹೊಣೆ ಮಾಡಿ ಬಿತ್ತರಿಸಿದ ಕಾರ್ಯಕ್ರಮಗಳಿಗಾಗಿ ಈ ಪ್ರಾಧಿಕಾರ 2021ರ ಜೂನ್‌ನಲ್ಲಿ ಕನ್ನಡದ ಎರಡು ಸುದ್ದಿವಾಹಿನಿಗಳಿಗೆ ದಂಡ ವಿಧಿಸಿತು. ಬೀದಿಯಲ್ಲಿ ತರಕಾರಿ ಮಾರುತ್ತಿದ್ದ ಮುಸ್ಲಿಂ ವ್ಯಾಪಾರಿಗಳನ್ನು ಓಣಿಯೊಳಗೆ ಬಿಡದ ದಿನಗಳು ಅಷ್ಟರಲ್ಲಿ ಕಳೆದುಹೋಗಿದ್ದವು.

2017ರ ಕರ್ನಾಟಕ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಸುಧಾರಣೆಯ ವರದಿಗಾರಿಕೆಗೂ ಸಂಬಂಧಿಸಿದ್ದು. 2013ರಲ್ಲಿ ಕರಡು ಸಿದ್ಧವಾದಾಗಿನಿಂದ ನಾಲ್ಕು ವರ್ಷ ಪತ್ರಿಕೆ, ವಾಹಿನಿಗಳಲ್ಲಿ ವಾದ ನಡೆದು, 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳಿಸುವುದು, ಬೆತ್ತಲೆ ಮೆರವಣಿಗೆ, ಮಾಟದ ಹೆಸರಿನ ಹಿಂಸೆ ಅದರ ನಿಷೇಧಪಟ್ಟಿಯಲ್ಲಿವೆ. ಜ್ಯೋತಿಷ್ಯ, ವಾಸ್ತುಗಳನ್ನು ಹೊರಗಿಡಲಾಗಿದೆ. ಮೌಢ್ಯದ ವಿರುದ್ಧ ರಾತ್ರಿ ಚರ್ಚೆ ನಡೆಸುವ ವಾಹಿನಿಗಳಲ್ಲೇ ಬೆಳಗಿನ ಜ್ಯೋತಿಷ್ಯ ಕಾರ್ಯಕ್ರಮಗಳೂ ಹೀಗೆ ಮುಂದುವರಿದಿವೆ.

ಇಂದಿನ ಸ್ಥಿತಿ

2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ ಈ ಕ್ಷೇತ್ರದ ಹೊಸ ಘಟ್ಟವನ್ನು ತೋರಿಸುತ್ತದೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಇದರ ಮುಖ್ಯ ಹಂತಗಳು. ಹೈಕೋರ್ಟಿನ ವಿಚಾರಣೆ ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಯಿತು. ಅತ್ಯಗತ್ಯ ಧಾರ್ಮಿಕ ಆಚರಣೆ ಎಂಬ ಶೀರೂರು ಮಠದ ಕಾಲದ ಕಾನೂನು ಮಾತನ್ನು ಹಳ್ಳಿಯ ಓದುಗರೂ ವಕೀಲರ ಬಾಯಿಂದಲೇ ಕೇಳುವಂತಾದದ್ದು ದೊಡ್ಡ ಲಾಭ. ಅದೇ ವಾರಗಳಲ್ಲಿ ಕ್ಯಾಮೆರಾಗಳು ಶಾಲಾ ಕಾಲೇಜುಗಳ ಗೇಟಿನಲ್ಲಿ ನಿಂತವು. ವಿದ್ಯಾರ್ಥಿನಿಯರೂ ಶಿಕ್ಷಕಿಯರೂ ರಸ್ತೆಬದಿಯಲ್ಲಿ ಬುರ್ಖಾ, ಹಿಜಾಬ್ ತೆಗೆಯುವುದನ್ನು ಚಿತ್ರೀಕರಿಸಿ ತೋರಿಸಲಾಯಿತು. ಪ್ರಾಯಕ್ಕೆ ಬಾರದ ಹುಡುಗಿಯರ ಹಿಂದೆ ಮೈಕು ಹಿಡಿದು ಓಡಿದ್ದನ್ನು ಯಾವ ಸೂತ್ರವೂ ಸಮರ್ಥಿಸಲಾರದು.

ಸುದ್ದಿಯ ಮೊದಲ ರೂಪ ಈಗ ಪತ್ರಿಕೆಯಲ್ಲಿ ಹುಟ್ಟುವುದಿಲ್ಲ, ಮೊಬೈಲಿನಲ್ಲಿ ಹುಟ್ಟುತ್ತದೆ. ವಾಟ್ಸ್ಆ್ಯಪ್ ಗುಂಪಿನ ವಿಡಿಯೊ ಊರು ಸುತ್ತಿದ ಮೇಲೆ ವರದಿಗಾರ ಠಾಣೆಗೆ ಫೋನು ಮಾಡುತ್ತಾನೆ. ಸಮುದಾಯದ ಹೆಸರು ಹಾಕದಿರುವ ಹಳೆಯ ರೂಢಿಗೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಹೆಸರು ಅದಾಗಲೇ ಎಲ್ಲರಿಗೂ ಗೊತ್ತಾಗಿರುತ್ತದೆ, ಕೆಲವೊಮ್ಮೆ ತಪ್ಪಾಗಿ. ಹೀಗಾಗಿ ಹಳೆಯ ವಿಡಿಯೊವನ್ನು, ಬೇರೆ ರಾಜ್ಯದ ಚಿತ್ರವನ್ನು ಪತ್ತೆಹಚ್ಚಿ ಹೇಳುವ ಸತ್ಯಶೋಧನೆ ಕನ್ನಡದಲ್ಲೂ ಪ್ರತ್ಯೇಕ ಕೆಲಸವಾಗಿ ಬೆಳೆಯುತ್ತಿದೆ.

ಕುಕ್ಕೆಯ ಚಂಪಾಷಷ್ಠಿಯ ಸುದ್ದಿ ಈಗ ಮತ್ತೆ ಬ್ರಹ್ಮರಥದ ಸುದ್ದಿಯಾಗಿದೆ. ಬೆತ್ತ ತಂದು ರಥ ಕಟ್ಟುವ ಮಲೆಕುಡಿಯರ ಚಿತ್ರ ಪ್ರತಿವರ್ಷ ಅಚ್ಚಾಗುತ್ತದೆ. ಕುಮಾರಧಾರೆಯಲ್ಲಿ ಮಿಂದು ದೇವಸ್ಥಾನದವರೆಗೆ ರಸ್ತೆಯ ಮೇಲೆ ಉರುಳಿಕೊಂಡು ಹೋಗುವ ಬೀದಿ ಉರುಳು ಸೇವೆಯೂ ನಡೆಯುತ್ತಿದೆ. ಉರುಳುವವರ ಚಿತ್ರದ ಕೆಳಗೆ ಸೇವೆಯ ಹೆಸರಿರುತ್ತದೆ, ದಿನಾಂಕವಿರುತ್ತದೆ. ಅವರಾಡಿದ ಒಂದು ಮಾತು ಇರುವುದು ಅಪರೂಪ.